ಋಣ ಎರಡು ಸಾವಿರ ಸಾಲು

1982ರ ಆರಂಭದ ಮಾತು. ಕ್ಯಾಲಿಫೋರ್ನಿಯಾದ ಕೂಪರ್ಟಿನೊದಲ್ಲಿದ್ದ ಆಪಲ್ ಕಂಪನಿಯಲ್ಲಿ ಲೀಸಾ ಎಂಬ ಹೊಸ ಕಂಪ್ಯೂಟರಿನ ಕೆಲಸ ನಡೆಯುತ್ತಿತ್ತು. ಕೆಲಸ ಎಷ್ಟು ಸಾಗಿದೆ ಎಂದು ತಿಳಿಯಲು ವ್ಯವಸ್ಥಾಪಕರು ಒಂದು ನಮೂನೆ ಸಿದ್ಧಪಡಿಸಿದರು. ಪ್ರತಿ ಶುಕ್ರವಾರ ಪ್ರತಿಯೊಬ್ಬ ಪ್ರೋಗ್ರಾಮರ್ ಅದನ್ನು ತುಂಬಿ ಕೊಡಬೇಕು. ಆ ವಾರ ಎಷ್ಟು ಸಾಲು ಕೋಡ್ ಬರೆದಿರಿ ಎಂಬ ಪ್ರಶ್ನೆಗೂ ಅದರಲ್ಲೊಂದು ಜಾಗವಿತ್ತು. ತೆರೆಯ ಮೇಲೆ ಚಿತ್ರ ಮೂಡಿಸುವ ಕ್ವಿಕ್‌ಡ್ರಾ ಎಂಬ ಮುಖ್ಯ ಪ್ರೋಗ್ರಾಮನ್ನು ಬರೆಯುತ್ತಿದ್ದವರು ಬಿಲ್ ಅಟ್ಕಿನ್ಸನ್. ಆ ವಾರ ಅವರು ಅದರ ಒಂದು ಭಾಗವನ್ನು ಹೊಸದಾಗಿ ಯೋಚಿಸಿ ಮತ್ತೆ ಬರೆದಿದ್ದರು. ಹೊಸ ವಿಧಾನ ಹಳೆಯದಕ್ಕಿಂತ ಸರಳ, ಹೆಚ್ಚುಕಡಿಮೆ ಆರು ಪಟ್ಟು ವೇಗ. ಜೊತೆಗೆ ಸುಮಾರು ಎರಡು ಸಾವಿರ ಸಾಲು ಕೋಡ್ ಬೇಡವಾಗಿ ಹೋಗಿತ್ತು. ಸಾಲುಗಳ ಲೆಕ್ಕ ಕೇಳುವ ಜಾಗದಲ್ಲಿ ಅಟ್ಕಿನ್ಸನ್ ಒಂದು ಗಳಿಗೆ ಯೋಚಿಸಿ, -2000 ಎಂದು ಬರೆದು ಕೊಟ್ಟರು. ಇನ್ನು ಕೆಲವು ವಾರ ಕಳೆಯುವಷ್ಟರಲ್ಲಿ, ಅಟ್ಕಿನ್ಸನ್ ಆ ನಮೂನೆ ತುಂಬುವುದು ಬೇಡ ಎಂದಾಯಿತು.

ಈ ಪ್ರಸಂಗವನ್ನು ದಾಖಲಿಸಿದವರು ಅದೇ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದ ಆಂಡಿ ಹರ್ಟ್ಸ್‌ಫೆಲ್ಡ್. ಅವರ 'ರೆವಲ್ಯೂಷನ್ ಇನ್ ದ ವ್ಯಾಲಿ' ಪುಸ್ತಕ 2004ರ ಕೊನೆಗೆ ಹೊರಬಂತು. ಮನೆಮನೆಗೂ ಕಂಪ್ಯೂಟರ್ ಬರಬೇಕು ಎಂದು ಹೊರಟ ಮೊದಲ ಕಂಪನಿಗಳಲ್ಲಿ ಆಪಲ್ ಒಂದು. 1977ರ ಆಪಲ್ 2 ಅದರ ಮೊದಲ ದೊಡ್ಡ ಯಶಸ್ಸು. ಹರ್ಟ್ಸ್‌ಫೆಲ್ಡ್ ಬರ್ಕ್ಲಿಯಲ್ಲಿ ಓದುತ್ತಿದ್ದಾಗ, 1978ರ ಜನವರಿಯಲ್ಲಿ ಒಂದು ಆಪಲ್ 2 ಕೊಂಡರು. ಅದರ ಒಳಗನ್ನು ಕಂಡು ಬೆರಗಾದವರು 1979ರ ಆಗಸ್ಟ್‌ನಲ್ಲಿ ಅದೇ ಕಂಪನಿ ಸೇರಿದರು. 1981ರಲ್ಲಿ ಮ್ಯಾಕಿಂಟಾಷ್ ತಂಡಕ್ಕೆ ಬಂದು, ಅದರ ಮೂಲ ತಂತ್ರಾಂಶದ ದೊಡ್ಡ ಪಾಲನ್ನು ಬರೆದರು. 1984ರ ಜನವರಿ 24ರಂದು ಆ ಯಂತ್ರ ಲೋಕಕ್ಕೆ ಬಂತು. ಪುಸ್ತಕದಲ್ಲಿರುವುದು ಮುಖ್ಯವಾಗಿ ಈ ಮೂರು ವರ್ಷಗಳ ನೆನಪು.

ಈ ಪುಸ್ತಕವನ್ನು ತಂತ್ರಜ್ಞಾನದ ಚರಿತ್ರೆ ಎಂದೋ, ಸ್ಟೀವ್ ಜಾಬ್ಸ್ ಅವರ ವ್ಯಕ್ತಿಚಿತ್ರಕ್ಕೆ ಸಾಮಗ್ರಿ ಎಂದೋ ಓದುವುದು ರೂಢಿ. ವೃತ್ತಿಯ ನೆನಪುಗಳನ್ನು ಸಾಹಿತ್ಯ ಪ್ರಕಾರವಾಗಿ ಓದುವುದು ನನ್ನ ಸಂಶೋಧನೆಯ ವಿಷಯವಾದ್ದರಿಂದ ನನ್ನ ಪ್ರಶ್ನೆ ಬೇರೆ. ಒಬ್ಬ ಮನುಷ್ಯ ತಾನು ಮಾಡಿದ ಕೆಲಸದ ಬಗ್ಗೆ ಬರೆಯುವಾಗ ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾನೆ, ಯಾವುದನ್ನು ಬಿಡುತ್ತಾನೆ? ಅಟ್ಕಿನ್ಸನ್ ಬರೆದ ಆ ಸಂಖ್ಯೆಯ ಹಿಂದಿನ ಚಿಹ್ನೆಯನ್ನು ನಮ್ಮ ಶಾಲೆಯ ಗಣಿತದ ಪುಸ್ತಕಗಳು ಋಣ ಚಿಹ್ನೆ ಎನ್ನುತ್ತವೆ. ಕಳೆಯುವುದಕ್ಕೂ ಸಾಲಕ್ಕೂ ಕನ್ನಡದಲ್ಲಿ ಒಂದೇ ಮಾತಿದೆ. ಹರ್ಟ್ಸ್‌ಫೆಲ್ಡ್ ಅವರ ಪುಸ್ತಕದ ಗುಣ ಮೊದಲ ಅರ್ಥದಲ್ಲಿದೆ, ಅದರ ತೊಡಕು ಎರಡನೆಯ ಅರ್ಥದಲ್ಲಿದೆ ಎಂದು ನನಗೆ ಅನ್ನಿಸಿದೆ.

ಮೊದಲು ಆಕೃತಿಯ ಮಾತು. ಇದು ಹುಟ್ಟಿನಿಂದ ಆರಂಭವಾಗಿ ಇಂದಿಗೆ ಬಂದು ನಿಲ್ಲುವ ಆತ್ಮಕಥೆಯಲ್ಲ. ಬಿಡಿಬಿಡಿಯಾದ ಪ್ರಸಂಗಗಳ ಸಂಗ್ರಹ. ಒಂದೊಂದೂ ಎರಡು ಮೂರು ಪುಟದ್ದು, ಒಂದೊಂದಕ್ಕೂ ಅದರದೇ ಆರಂಭ, ಅದರದೇ ಮುಕ್ತಾಯ. ಸೂಸನ್ ಕೇರ್, ಸ್ಟೀವ್ ಕ್ಯಾಪ್ಸ್, ಬ್ರೂಸ್ ಹಾರ್ನ್, ಡಾನ್ ಡೆನ್‌ಮನ್ ಮುಂತಾದ ಸಹೋದ್ಯೋಗಿಗಳ ಬರಹವೂ ನಡುನಡುವೆ ಬರುತ್ತದೆ. ಕನ್ನಡದ ಓದುಗರಿಗೆ ಈ ರೀತಿ ಹೊಸದೇನಲ್ಲ. ನವರತ್ನ ರಾಮರಾಯರ 'ಕೆಲವು ನೆನಪುಗಳು' ಮೈಸೂರು ಸಂಸ್ಥಾನದ ಅಧಿಕಾರಿಯೊಬ್ಬರ ವೃತ್ತಿಜೀವನದಿಂದ ಹುಟ್ಟಿದ್ದು, ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಮೇಷ್ಟರೊಬ್ಬರ ಕಾಡಿನ ಪ್ರವಾಸಗಳಿಂದ ಹುಟ್ಟಿದ್ದು. ಎರಡರಲ್ಲೂ ಲೇಖಕ ತನ್ನ ಬಗ್ಗೆ ಹೇಳಿಕೊಳ್ಳುವುದು ಕಡಿಮೆ. ಕೆಲಸದ ಸುತ್ತ ಸೇರಿದ ಜನ, ಅವರ ಮಾತು, ಪೇಚು, ಜಾಣತನ ಹೆಚ್ಚು. ಹರ್ಟ್ಸ್‌ಫೆಲ್ಡ್ ಅವರದೂ ಅದೇ ಜಾಡು. ಮತ್ತೊಬ್ಬರ ಚುರುಕುತನವನ್ನು ಮೆಚ್ಚಿ ಹೇಳುವಾಗ ಅವರ ಗದ್ಯ ಕಳೆಗಟ್ಟುತ್ತದೆ.

ಆ ಮೆಚ್ಚುಗೆಯ ಹಿಂದೆ ಒಂದು ಸ್ಪಷ್ಟವಾದ ಸೌಂದರ್ಯದೃಷ್ಟಿ ಇದೆ. ಕಡಿಮೆಯಲ್ಲಿ ಹೆಚ್ಚನ್ನು ಸಾಧಿಸುವುದೇ ಚಂದ ಎಂಬ ದೃಷ್ಟಿ ಅದು. ಸ್ಟೀವ್ ವಾಜ್ನಿಯಾಕ್ ಆಪಲ್ 2ಕ್ಕಾಗಿ ರೂಪಿಸಿದ ಡಿಸ್ಕ್ ನಿಯಂತ್ರಕ ಎಂಟೇ ಚಿಪ್‌ಗಳಲ್ಲಿ ಮುಗಿದಿತ್ತು. ಆ ಕಾಲದ ಬೇರೆ ನಿಯಂತ್ರಕಗಳಿಗೆ ಅದರ ಹಲವು ಪಟ್ಟು ಚಿಪ್ ಬೇಕಾಗುತ್ತಿತ್ತು. ಮ್ಯಾಕಿಂಟಾಷ್‌ನ ಒಳಗಿನ ಬೋರ್ಡ್ ರೂಪಿಸಿದ ಬರೆಲ್ ಸ್ಮಿತ್ ಕಂಪನಿಯ ದುರಸ್ತಿ ವಿಭಾಗದ ತಂತ್ರಜ್ಞರಾಗಿದ್ದವರು. ಅವರ ಹೆಮ್ಮೆಯೂ ಇದೇ: ಇನ್ನೊಂದು ಚಿಪ್ ತೆಗೆಯಬಹುದೇ? ತಂತ್ರಾಂಶ ಬರೆಯುವವರ ಪಾಡೂ ಹಾಗೆಯೇ ಇತ್ತು. ಮೊದಲ ಮ್ಯಾಕಿಂಟಾಷ್‌ನ ಸ್ಮೃತಿ 128 ಕಿಲೋಬೈಟ್, ಶಾಶ್ವತವಾಗಿ ಬರೆದಿಟ್ಟ ರೋಮ್ ಚಿಪ್‌ನ ಜಾಗ 64 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರಕ್ಕೂ ಆ ಜಾಗ ಸಾಲದು. ಕಿಟಕಿ, ಮೆನು, ಅಕ್ಷರ, ಚಿತ್ರ ಎಲ್ಲವನ್ನೂ ಅಷ್ಟರೊಳಗೆ ಹಿಡಿಸಬೇಕಿತ್ತು. ಹೀಗಾಗಿ ಬರೆದದ್ದನ್ನು ಮತ್ತೆ ಮತ್ತೆ ಕಳೆಯುವುದೇ ಅವರ ಕೆಲಸವಾಯಿತು. ಅಟ್ಕಿನ್ಸನ್ ಅವರ ಋಣ ಚಿಹ್ನೆಯನ್ನು ಬರಿಯ ತಮಾಷೆ ಎಂದುಕೊಂಡರೆ ಇದು ಕಾಣುವುದಿಲ್ಲ. ಈ ಕಸುಬಿನಲ್ಲಿ ಒಳ್ಳೆಯ ದಿನ ಎಂದರೆ ಯಾವುದು ಎಂಬುದನ್ನು ಅವರು ಒಂದು ಅಂಕಿಯಲ್ಲಿ ಹೇಳಿದ್ದರು.

ಕವಿತೆ ತಿದ್ದಿದವರಿಗೆ ಇದು ಗೊತ್ತು. ಪಿಎಚ್.ಡಿ. ಮಾಡುತ್ತಿರುವವರಿಗಂತೂ ಚೆನ್ನಾಗಿ ಗೊತ್ತು. ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿಯಲ್ಲಿ ಎಷ್ಟು ಅಧ್ಯಾಯ ಮುಗಿಯಿತು, ಎಷ್ಟು ಲೇಖನ ಪ್ರಕಟವಾಯಿತು ಎಂದು ಬರೆಯಲು ಜಾಗವಿರುತ್ತದೆ. ಒಂದು ಅಧ್ಯಾಯದ ಅರ್ಧ ಭಾಗ ಹುಸಿ ಎಂದು ತಿಳಿದು ಕಿತ್ತುಹಾಕಿದ ತಿಂಗಳು ಅಲ್ಲಿ ಎಲ್ಲಿಯೂ ಕೂರುವುದಿಲ್ಲ. ಆದ್ದರಿಂದ ಅಟ್ಕಿನ್ಸನ್ ಪ್ರಸಂಗ ಓದಿದ ಯಾರಿಗಾದರೂ ಮೊದಲು ಉಕ್ಕುವುದು ಸಂತೋಷ. ನಮ್ಮ ಪರವಾಗಿ ಯಾರೋ ಒಬ್ಬರು ಗೆದ್ದರು ಎಂಬ ಸಂತೋಷ.

ಆದರೆ ಆ ಗೆಲುವು ಎಂಥದ್ದು? ಇದೇ ಬಗೆಯ ಮತ್ತೊಂದು ಪ್ರಸಂಗವನ್ನು ನೋಡೋಣ. ಕ್ರಿಸ್ ಎಸ್ಪಿನೋಸ ಎಂಬ ತರುಣ ಮ್ಯಾಕಿಂಟಾಷ್‌ಗೆ ಒಂದು ಕ್ಯಾಲ್ಕುಲೇಟರ್ ಪ್ರೋಗ್ರಾಮ್ ಬರೆಯುತ್ತಿದ್ದರು. ಪ್ರತಿ ಸಲ ತೋರಿಸಿದಾಗಲೂ ಜಾಬ್ಸ್ ಅವರದು ಒಂದಲ್ಲ ಒಂದು ತಕರಾರು. ಗೆರೆ ದಪ್ಪವಾಯಿತು, ಬಣ್ಣ ಗಾಢವಾಯಿತು, ಗುಂಡಿ ದೊಡ್ಡದಾಯಿತು. ಕೊನೆಗೆ ಎಸ್ಪಿನೋಸ, ಗೆರೆಯ ದಪ್ಪ, ಗುಂಡಿಯ ಅಳತೆ, ಹಿನ್ನೆಲೆಯ ವಿನ್ಯಾಸ ಎಲ್ಲವನ್ನೂ ಮೆನುಗಳಿಂದಲೇ ಬದಲಿಸಬಹುದಾದ ಇನ್ನೊಂದು ಪ್ರೋಗ್ರಾಮ್ ಬರೆದು ಜಾಬ್ಸ್ ಮುಂದೆ ಇಟ್ಟರು. ಜಾಬ್ಸ್ ಹತ್ತು ನಿಮಿಷ ಕೂತು ತಮಗೆ ಬೇಕಾದಂತೆ ಮಾಡಿಕೊಂಡರು. ಆ ರೂಪವೇ ಎಷ್ಟೋ ವರ್ಷ ಮ್ಯಾಕಿಂಟಾಷ್‌ನ ಕ್ಯಾಲ್ಕುಲೇಟರ್ ಆಗಿ ಉಳಿಯಿತು. ಬರೆಲ್ ಸ್ಮಿತ್ ಅವರದು ಇನ್ನೂ ಸ್ವಾರಸ್ಯದ ಕಥೆ. ಅಷ್ಟೆಲ್ಲ ಕೆಲಸ ಮಾಡಿದರೂ ತಂತ್ರಜ್ಞರ ಹುದ್ದೆಯಿಂದ ಎಂಜಿನಿಯರ್ ಹುದ್ದೆಗೆ ಬಡ್ತಿ ಸಿಗುತ್ತಿರಲಿಲ್ಲ. ಸುತ್ತ ನೋಡಿದರೆ ಎಂಜಿನಿಯರುಗಳಲ್ಲಿ ಹೆಚ್ಚಿನವರಿಗೆ ಮೀಸೆ. ಸರಿ, ತಾವೂ ಮೀಸೆ ಬಿಟ್ಟರು. ಮೀಸೆ ತುಂಬಿದ ದಿನವೇ ಬಡ್ತಿಯೂ ಬಂತು.

ಇವೆಲ್ಲ ನಮಗೆ ಪರಿಚಿತ ಕಥೆಗಳು. ತೆನಾಲಿ ರಾಮಕೃಷ್ಣನ ಕಥೆಗಳ ಕಟ್ಟಡವೇ ಇವಕ್ಕೂ ಇದೆ. ಅರಸನದೊಂದು ಅಸಂಗತ ಅಪೇಕ್ಷೆ. ಎದುರಾಡುವಂತಿಲ್ಲ. ಸೇವಕ ಆ ಅಪೇಕ್ಷೆಯನ್ನೇ ಅಕ್ಷರಶಃ ಪಾಲಿಸಿ ಅದರ ಹುಳುಕನ್ನು ತೋರಿಸುತ್ತಾನೆ. ಅರಸ ನಗುತ್ತಾನೆ, ಆಸ್ಥಾನ ನಗುತ್ತದೆ, ಕಥೆ ಮುಗಿಯುತ್ತದೆ. ಮಾರನೆಯ ದಿನ ಅದೇ ಆಸ್ಥಾನ, ಅದೇ ಅರಸ, ಅದೇ ಸೇವಕ. ಪ್ರಸಂಗ ಎಂಬ ಪ್ರಕಾರದ ಶಕ್ತಿ ಇದು, ಮಿತಿಯೂ ಇದೇ. ನಗುವಿನಲ್ಲಿ ಮುಗಿಯುವ ಕಥೆ ಆ ಒಂದು ದಿನದ ಅನ್ಯಾಯವನ್ನು ತೀರಿಸಿಬಿಡುತ್ತದೆ, ಇಡೀ ವರ್ಷದ ಲೆಕ್ಕ ಕೇಳುವುದಿಲ್ಲ. ನಮೂನೆ ತುಂಬುವುದರಿಂದ ಅಟ್ಕಿನ್ಸನ್ ಪಾರಾದರು. ಉಳಿದ ಪ್ರೋಗ್ರಾಮರುಗಳು ತುಂಬುತ್ತಲೇ ಇದ್ದರೇ? ಪ್ರಸಂಗಕ್ಕೆ ಆ ಪ್ರಶ್ನೆ ಬೇಕಾಗುವುದಿಲ್ಲ.

1981ರ ಫೆಬ್ರವರಿಯ ಪ್ರಸಂಗವೊಂದರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಂಪನಿಯ ಅಧ್ಯಕ್ಷರಾಗಿದ್ದ ಮೈಕ್ ಸ್ಕಾಟ್ ಒಂದು ಬುಧವಾರ ಸುಮಾರು ನಲವತ್ತು ಮಂದಿಯನ್ನು ಕೆಲಸದಿಂದ ತೆಗೆದರು. ಆಪಲ್ 2 ವಿಭಾಗದಲ್ಲಿದ್ದ ಹರ್ಟ್ಸ್‌ಫೆಲ್ಡ್ ಉಳಿದರು, ಆದರೆ ಕಂಗೆಟ್ಟರು. ಮ್ಯಾಕಿಂಟಾಷ್ ತಂಡಕ್ಕೆ ಹಾಕಿದರೆ ಇರುತ್ತೇನೆ ಎಂದರು. ಜಾಬ್ಸ್ ಅವರ ಮೇಜಿನ ಬಳಿ ಬಂದು, ಈಗಿನಿಂದಲೇ ನೀವು ಮ್ಯಾಕಿಂಟಾಷ್‌ನವರು ಎಂದರು. ಕೈಯಲ್ಲಿರುವ ಕೆಲಸ ಮುಗಿಸಲು ಒಂದೆರಡು ದಿನ ಬೇಕು ಎಂದು ಹರ್ಟ್ಸ್‌ಫೆಲ್ಡ್ ಕೇಳಿಕೊಂಡಾಗ ಜಾಬ್ಸ್ ಅವರ ಕಂಪ್ಯೂಟರಿನ ಪ್ಲಗ್ ಕಿತ್ತರು. ಬರೆಯುತ್ತಿದ್ದ ಕೋಡ್ ಅಲ್ಲೇ ಅಳಿಸಿಹೋಯಿತು. ಜಾಬ್ಸ್ ಆ ಯಂತ್ರವನ್ನು ಎತ್ತಿಕೊಂಡು ತಮ್ಮ ಕಾರಿಗೆ ಹಾಕಿ, ಹರ್ಟ್ಸ್‌ಫೆಲ್ಡ್ ಅವರನ್ನು ಕೂರಿಸಿಕೊಂಡು, ಟೆಕ್ಸಕೊ ಪೆಟ್ರೋಲ್ ಬಂಕ್ ಹಿಂದಿದ್ದ ಮ್ಯಾಕಿಂಟಾಷ್ ಕಚೇರಿಗೆ ಕರೆದುಕೊಂಡು ಹೋದರು. ಓದುವಾಗ ನಗು ಬರುತ್ತದೆ. ನಾಯಕನೊಬ್ಬ ಬಂದು ಭಟನನ್ನು ಎತ್ತಿಕೊಂಡು ಹೋದ ವೀರಕಥೆಯ ಗತ್ತು ಅದಕ್ಕಿದೆ. ಹಿಂದಿನ ದಿನ ಕೆಲಸ ಕಳೆದುಕೊಂಡ ನಲವತ್ತು ಮಂದಿ ಆ ಕಾರಿನ ವೇಗದಲ್ಲಿ ಹಿಂದೆ ಸರಿದುಬಿಡುತ್ತಾರೆ. ಅಳಿದುಹೋದ ಕೋಡ್ ಕೂಡ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದೂ ಒಂದು ಬಗೆಯ ಋಣ ಸಾಲುಗಳೇ, ಆದರೆ ಇಲ್ಲಿ ಕಳೆದವನು ಬರೆದವನಲ್ಲ.

ಪುಸ್ತಕದ ಅತ್ಯಂತ ಪ್ರಸಿದ್ಧ ಲೆಕ್ಕ ಜೀವಗಳದ್ದು. ಮ್ಯಾಕಿಂಟಾಷ್ ಚಾಲೂ ಆಗಲು ತುಂಬ ಹೊತ್ತು ಹಿಡಿಯುತ್ತಿತ್ತು. ಜಾಬ್ಸ್ ಒಂದು ದಿನ ಲ್ಯಾರಿ ಕೆನ್ಯನ್ ಎಂಬ ಪ್ರೋಗ್ರಾಮರ್ ಬಳಿ ಬಂದು ಲೆಕ್ಕ ಹಾಕಿದರು. ಮುಂದೆ 50 ಲಕ್ಷ ಜನ ಈ ಯಂತ್ರ ಬಳಸುತ್ತಾರೆ. ಹತ್ತು ಸೆಕೆಂಡ್ ಉಳಿಸಿದರೆ ದಿನಕ್ಕೆ ಐದು ಕೋಟಿ ಸೆಕೆಂಡ್. ವರ್ಷವಿಡೀ ಕೂಡಿದರೆ ಎಷ್ಟೋ ಮನುಷ್ಯರ ಆಯುಷ್ಯ. ಹಾಗಾಗಿ ಹತ್ತು ಸೆಕೆಂಡ್ ಉಳಿಸುವುದೆಂದರೆ ಹನ್ನೆರಡು ಜೀವ ಉಳಿಸಿದಂತೆ. ಮುಂದಿನ ತಿಂಗಳುಗಳಲ್ಲಿ ಹತ್ತಕ್ಕಿಂತ ಹೆಚ್ಚು ಸೆಕೆಂಡ್ ಉಳಿಯಿತು.

ಕಾಗದದ ಮೇಲೆ ನಾನೂ ಈ ಲೆಕ್ಕ ಹಾಕಿದೆ. ದಿನಕ್ಕೆ ಐದು ಕೋಟಿ ಸೆಕೆಂಡ್ ಎಂದರೆ ವರ್ಷಕ್ಕೆ 1,825 ಕೋಟಿ. ಒಂದು ವರ್ಷಕ್ಕೆ ಸುಮಾರು 3.15 ಕೋಟಿ ಸೆಕೆಂಡ್. ಅಲ್ಲಿಗೆ ಉಳಿದದ್ದು 579 ವರ್ಷ. ಎಪ್ಪತ್ತು ವರ್ಷದ ಆಯುಷ್ಯ ಹಿಡಿದರೆ ಎಂಟು ಜೀವ. ಹನ್ನೆರಡಾಗಲಿ ಎಂಟಾಗಲಿ, ಮಾತಿನ ರಭಸದಲ್ಲಿ ಅದು ದೊಡ್ಡದಲ್ಲ. ಗಮನಿಸಬೇಕಾದದ್ದು ಬೇರೆ. ಆ 50 ಲಕ್ಷ ಜನ ಆಗ ಇನ್ನೂ ಇರಲೇ ಇಲ್ಲ. ಯಂತ್ರವೇ ಮಾರಾಟಕ್ಕೆ ಬಂದಿರಲಿಲ್ಲ. ಮುಂದೆಂದೋ ಬರಲಿರುವ ಬಳಕೆದಾರರ ಸೆಕೆಂಡುಗಳು ಕೂಡಿ ಕೂಡಿ ಜೀವಗಳಾದವು. ಎದುರಿಗೆ ಕೂತಿದ್ದ ಮನುಷ್ಯನ ಗಂಟೆಗಳು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಹರ್ಟ್ಸ್‌ಫೆಲ್ಡ್ ಈ ಪ್ರಸಂಗವನ್ನು ಜಾಬ್ಸ್ ಅವರ ಪ್ರೇರಣೆಯ ಶಕ್ತಿಗೆ ಉದಾಹರಣೆಯಾಗಿ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಅದೇ ಪುಸ್ತಕದ ಇನ್ನೊಂದು ಪ್ರಸಂಗದ ಪಕ್ಕದಲ್ಲಿಟ್ಟು ಓದಿದಾಗ ಅದರ ಬಣ್ಣ ಬದಲಾಗುತ್ತದೆ.

ಆ ಇನ್ನೊಂದು ಪ್ರಸಂಗದಲ್ಲಿ ಬರುವುದು ಒಂದು ಬಟ್ಟೆ. ಕೆಲಸ ಮುಗಿಯುವ ಹೊತ್ತಿಗೆ ತಂಡದವರಿಗೆ ಬೂದು ಬಣ್ಣದ ಹೂಡಿಗಳನ್ನು ಹಂಚಲಾಯಿತು. ವಾರಕ್ಕೆ 90 ಗಂಟೆ ದುಡಿಯುತ್ತೇವೆ, ಅದು ನಮಗೆ ಇಷ್ಟ ಎಂಬ ಅರ್ಥದ ಬರಹ ಅದರ ಬೆನ್ನ ಮೇಲಿತ್ತು. ವಾರಕ್ಕೆ ಇರುವುದು 168 ಗಂಟೆ. ತೊಂಬತ್ತು ಕಳೆದರೆ 78. ದಿನಕ್ಕೆ ಏಳು ಗಂಟೆ ನಿದ್ದೆ ಎಂದರೂ ಉಳಿಯುವುದು 29, ಅಂದರೆ ದಿನಕ್ಕೆ ನಾಲ್ಕು ಗಂಟೆ ಚಿಲ್ಲರೆ. ಸ್ನಾನ, ಊಟ, ಓಡಾಟ, ಸ್ನೇಹ, ಮನೆ ಎಲ್ಲ ಅಷ್ಟರಲ್ಲಿ. 128 ಕಿಲೋಬೈಟ್‌ನಲ್ಲಿ ಒಂದು ಲೋಕವನ್ನು ಹಿಡಿಸಿದವರು ತಮ್ಮ ಬದುಕನ್ನೂ ಅದೇ ಕೌಶಲದಿಂದ ಕಿರಿದು ಮಾಡಿಕೊಂಡಿದ್ದರು. ಕಳೆಯುವ ಸೌಂದರ್ಯ ಕಸುಬಿನಿಂದ ಬಾಳಿಗೆ ದಾಟಿತ್ತು.

ಇದನ್ನು ಶೋಷಣೆ ಎಂದು ಒಂದು ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಅದು ಪುಸ್ತಕಕ್ಕೆ ಅನ್ಯಾಯವಾಗುತ್ತದೆ. ಅವರನ್ನು ಯಾರೂ ಕಟ್ಟಿಹಾಕಿರಲಿಲ್ಲ. ಒಬ್ಬರ ಜಾಣತನ ಇನ್ನೊಬ್ಬರ ಜಾಣತನಕ್ಕೆ ಕಿಡಿಯಾಗುವ ಸುಖ, ತಮ್ಮ ಕೈಯಿಂದ ಹೊಸತೊಂದು ಹುಟ್ಟುತ್ತಿದೆ ಎಂಬ ಖಾತರಿ ಪುಟಪುಟದಲ್ಲೂ ಇದೆ. ಅಟ್ಕಿನ್ಸನ್ ಒಮ್ಮೆ ಕಾರು ಅಪಘಾತಕ್ಕೆ ಸಿಕ್ಕರು. ಆಸ್ಪತ್ರೆಗೆ ಧಾವಿಸಿ ಬಂದ ಜಾಬ್ಸ್ ಅವರನ್ನು ನೋಡಿ, ಚಿಂತೆ ಬೇಡ, ಕ್ವಿಕ್‌ಡ್ರಾದ ಆ ಮುಖ್ಯ ವಿಧಾನ ಇನ್ನೂ ನೆನಪಿದೆ ಎಂದರಂತೆ. ಆ ಮಾತಿನಲ್ಲಿ ನಗುವೂ ಇದೆ, ಕಸುಬಿನ ಮೋಹವೂ ಇದೆ, ಮೈ ನಡುಗಿಸುವಂಥದ್ದೂ ಇದೆ. ಅಟ್ಕಿನ್ಸನ್ 2025ರ ಜೂನ್‌ನಲ್ಲಿ ತೀರಿಕೊಂಡ ಮೇಲೆ ಈ ಪ್ರಸಂಗವನ್ನು ಮತ್ತೆ ಓದಿದಾಗ, ನಗುವಿನ ಕೆಳಗಿರುವುದು ಇನ್ನಷ್ಟು ಕಂಡಿತು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಅಳತೆಗೋಲು ಹಿಡಿಯಬಾರದು ಎಂಬುದು -2000ರ ಪಾಠ. ಅಳತೆಗೋಲು ಇಲ್ಲದ ಕೆಲಸಕ್ಕೆ ಕೊನೆ ಎಲ್ಲಿ ಎಂಬುದು ಹೂಡಿಯ ಪ್ರಶ್ನೆ. ಒಂದೇ ಪುಸ್ತಕದಲ್ಲಿರುವ ಈ ಎರಡೂ ಒಂದರೊಡನೊಂದು ಮಾತಾಡುವುದಿಲ್ಲ. ಬಿಡಿ ಪ್ರಸಂಗಗಳ ಆಕೃತಿ ಅವನ್ನು ಮಾತಾಡಲು ಬಿಡುವುದಿಲ್ಲ.

ಹಾಗಾದರೆ ಆ ದುಡಿಮೆಗೆ ಪ್ರತಿಯಾಗಿ ಸಿಕ್ಕಿದ್ದೇನು? ಸಂಬಳ, ಷೇರು ಇದ್ದವು. ಅವುಗಳಿಗಿಂತ ಹೆಚ್ಚು ಪ್ರೀತಿಯಿಂದ ಹರ್ಟ್ಸ್‌ಫೆಲ್ಡ್ ನೆನೆಯುವುದು ಒಂದು ಸಹಿಯನ್ನು. ಕಲಾವಿದರು ತಮ್ಮ ಕೃತಿಗೆ ಸಹಿ ಹಾಕುತ್ತಾರೆ ಎಂಬುದು ಜಾಬ್ಸ್ ಅವರ ಆಲೋಚನೆ. 1982ರ ಫೆಬ್ರವರಿ 10ರಂದು ತಂಡದವರೆಲ್ಲ ಸೇರಿ ದೊಡ್ಡ ಹಾಳೆಯೊಂದರ ಮೇಲೆ ಸಹಿ ಹಾಕಿದರು. ಆ ಸಹಿಗಳನ್ನು ಯಂತ್ರದ ಪ್ಲಾಸ್ಟಿಕ್ ಹೊದಿಕೆಯ ಒಳಮೈಯಲ್ಲಿ ಅಚ್ಚೊತ್ತಲಾಯಿತು. ಉದ್ದ ಹಿಡಿಯ ವಿಶೇಷ ಸ್ಕ್ರೂಡ್ರೈವರ್ ಇಲ್ಲದೆ ಆ ಹೊದಿಕೆ ಬಿಚ್ಚಲು ಬರುತ್ತಿರಲಿಲ್ಲ. ಎಂದರೆ ಯಂತ್ರ ಕೊಂಡವರಲ್ಲಿ ಬಹುಪಾಲು ಮಂದಿ ಆ ಹೆಸರುಗಳನ್ನು ನೋಡಲೇ ಇಲ್ಲ. ದೇವಸ್ಥಾನದ ಕಲ್ಲಿನ ಮೂಲೆಯಲ್ಲಿ ಹೆಸರು ಕೊರೆದಿಟ್ಟ ಶಿಲ್ಪಿಯ ನೆನಪಾಗುತ್ತದೆ. ಹೊಯ್ಸಳ ಶಿಲ್ಪಿಗಳ ಹೆಸರು ಮೂರ್ತಿಯ ಪೀಠದಲ್ಲಿದೆ, ಮನಸ್ಸಿದ್ದವರು ಬಗ್ಗಿ ಓದಬಹುದು. ಇಲ್ಲಿ ಹೆಸರು ಇದೆ, ಬಾಗಿಲು ಮುಚ್ಚಿದೆ.

ಹೆಸರಿನದೇ ಮತ್ತೊಂದು ಪ್ರಸಂಗ ನನಗೆ ಇದಕ್ಕಿಂತ ಹೆಚ್ಚು ಕಾಡುವಂಥದ್ದು. ಮ್ಯಾಕಿಂಟಾಷ್‌ನ ಐಕಾನ್‌ಗಳನ್ನೂ ಫಾಂಟುಗಳನ್ನೂ ಚುಕ್ಕಿ ಚುಕ್ಕಿಯಾಗಿ ಬಿಡಿಸಿದವರು ಸೂಸನ್ ಕೇರ್. ಅವರೂ ಹರ್ಟ್ಸ್‌ಫೆಲ್ಡ್ ಅವರೂ ಫಿಲಡೆಲ್ಫಿಯಾ ಕಡೆಯವರು, ಹೈಸ್ಕೂಲಿನ ಕಾಲದಿಂದ ಗೆಳೆಯರು. ಫಾಂಟುಗಳಿಗೆ ಹೆಸರಿಡುವಾಗ ತಮ್ಮೂರಿನ ಲೋಕಲ್ ರೈಲಿನ ನಿಲ್ದಾಣಗಳನ್ನು ನೆನೆದರು: ಓವರ್‌ಬ್ರೂಕ್, ಮೆರಿಯನ್, ಆರ್ಡ್‌ಮೋರ್, ರೋಸ್‌ಮಾಂಟ್. ಜಾಬ್ಸ್ ಇದನ್ನು ನೋಡಿ, ನಗರಗಳ ಹೆಸರೇನೋ ಸರಿ, ಆದರೆ ಯಾರೂ ಕೇಳಿರದ ಪುಟ್ಟ ಊರುಗಳು ಬೇಡ, ಜಗತ್ಪ್ರಸಿದ್ಧ ನಗರಗಳಿರಲಿ ಎಂದರು. ಹಾಗೆ ಬಂದವು ಶಿಕಾಗೊ, ನ್ಯೂಯಾರ್ಕ್, ಜಿನೀವಾ, ಲಂಡನ್, ವೆನಿಸ್. ವ್ಯಾಪಾರದ ದೃಷ್ಟಿಯಿಂದ ಜಾಬ್ಸ್ ಹೇಳಿದ್ದು ತಪ್ಪೇನಲ್ಲ. ಆದರೆ ಕೆಲಸ ಮಾಡಿದವರ ನೆನಪಿನ ಹಾದಿ ಆ ಯಂತ್ರದಿಂದ ಮರೆಯಾದದ್ದು ಹೀಗೆ. ಹರ್ಟ್ಸ್‌ಫೆಲ್ಡ್ ಇದನ್ನೂ ತಮಾಷೆಯಾಗಿಯೇ ಹೇಳುತ್ತಾರೆ. ಆದರೂ ಇಪ್ಪತ್ತು ವರ್ಷದ ಮೇಲೆ ಆ ಪುಟ್ಟ ನಿಲ್ದಾಣಗಳ ಹೆಸರನ್ನು ಒಂದೊಂದಾಗಿ ಬರೆದಿಟ್ಟಿದ್ದಾರೆ. ಪುಸ್ತಕ ಬರೆದದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಅದರಲ್ಲಿ ಕಾಣಲಿಲ್ಲ.

ನಗು ನಿಲ್ಲುವ ಕಡೆಗಳೂ ಪುಸ್ತಕದಲ್ಲಿವೆ. ಯೋಜನೆ ಆರಂಭಿಸಿದ ಜೆಫ್ ರಾಸ್ಕಿನ್ ಅವರಿಗೆ ಸಾಮಾನ್ಯರ ಕೈಗೆಟಕುವ, 1,000 ಡಾಲರ್ ಆಸುಪಾಸಿನ ಯಂತ್ರದ ಕನಸಿತ್ತು. ತಂಡದವರು 1,995 ಡಾಲರ್ ಎಂದು ನಂಬಿಕೊಂಡು ದುಡಿದರು. 1983ರ ಕೊನೆಗೆ, ಜಾಹೀರಾತಿನ ಖರ್ಚಿಗಾಗಿ ಬೆಲೆ 2,495 ಡಾಲರ್ ಎಂದು ಜಾನ್ ಸ್ಕಲಿ ನಿರ್ಧರಿಸಿದರು. ತಮ್ಮಂಥವರಿಗಾಗಿ ಮಾಡಿದ ಯಂತ್ರ ತಮ್ಮಂಥವರಿಗೆ ದಕ್ಕುವುದಿಲ್ಲವಲ್ಲ ಎಂದು ತಂಡಕ್ಕೆ ಮೋಸವಾದಂತೆ ಅನ್ನಿಸಿತು. ಒಂದೊಂದು ಚಿಪ್ ತೆಗೆದು, ಒಂದೊಂದು ಬೈಟ್ ಉಳಿಸಿ ಗಳಿಸಿದ ಮಿತವ್ಯಯ ಒಂದು ಸಭೆಯಲ್ಲಿ ಕರಗಿಹೋಯಿತು.

ಅದಕ್ಕೂ ಮೊದಲು, 1983ರ ಫೆಬ್ರವರಿಯಲ್ಲಿ, ಹರ್ಟ್ಸ್‌ಫೆಲ್ಡ್ ಅವರದೇ ಕೆಲಸದ ಮೌಲ್ಯಮಾಪನ ನಡೆಯಿತು. ತಂಡದ ಹೊಸ ಮೇಲಧಿಕಾರಿಯೊಬ್ಬರು ಅವರನ್ನು ಹೊರಗೆ ಕರೆದು, ನೀವು ಮಾತು ಕೇಳುವವರಲ್ಲ, ನಿಮ್ಮ ಅಳತೆ ಮೀರಿ ನಡೆಯುತ್ತಿದ್ದೀರಿ ಎಂದು ಹೇಳಿದರು. ಹಗಲಿರುಳು ಒಂದು ಮಾಡಿ ದುಡಿದಿದ್ದವರು ಇದನ್ನು ನಂಬಲಾಗದೆ ಕುಸಿದರು. ಇಲ್ಲಿ ಬರಹದ ಧಾಟಿಯೇ ಬೇರೆ. ಜಾಣ ಉತ್ತರವಿಲ್ಲ, ಕೊನೆಯ ನಗುವಿಲ್ಲ. ಗಾಯ ಹಾಗೇ ಉಳಿದಿದೆ. ಬೇರೆಯವರ ಮೇಲೆ ಅಳತೆಗೋಲು ಬಿದ್ದಾಗ ಅದು ಪ್ರಸಂಗವಾಗುತ್ತದೆ, ತನ್ನ ಮೇಲೆ ಬಿದ್ದಾಗ ಆಗುವುದಿಲ್ಲ. ಈ ಕೆಲವು ಪುಟಗಳಲ್ಲಿ ಹರ್ಟ್ಸ್‌ಫೆಲ್ಡ್ ತಾವು ಕಟ್ಟಿದ ಆಕೃತಿಯಿಂದ ಹೊರಬೀಳುತ್ತಾರೆ. ನನಗೆ ಪುಸ್ತಕದ ಅತಿ ಮುಖ್ಯ ಭಾಗ ಇದೇ. ಯಂತ್ರ ಬಿಡುಗಡೆಯಾದ ಎರಡೇ ತಿಂಗಳಿಗೆ, 1984ರ ಮಾರ್ಚ್‌ನಲ್ಲಿ, ಅವರು ದೀರ್ಘ ರಜೆಯ ಮೇಲೆ ಹೋದರು. ಆ ನೌಕರಿಗೆ ಮರಳಲಿಲ್ಲ. ಪುಸ್ತಕದ ಹೆಸರಿನಲ್ಲಿರುವ ಕ್ರಾಂತಿ ಮುಗಿದ ಕೂಡಲೇ ಅದನ್ನು ಮಾಡಿದವನಿಗೆ ಅಲ್ಲಿ ಜಾಗವಿರಲಿಲ್ಲ ಎಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ.

ಈ ಪುಸ್ತಕವನ್ನು ಇಂದು ನಾವು ಯಾಕೆ ಓದಬೇಕು? ಆ ಹೂಡಿಯ ಮೇಲಿನ ಸಂಖ್ಯೆ ಈಗ ನಮ್ಮಲ್ಲಿಗೂ ಬಂದಿದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಸುದ್ದಿಯಾಗಿ, ನೌಕರರ ಸಂಘ ಅದನ್ನು ವಿರೋಧಿಸಿತು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷರ ಬಾಯಿಂದ ಬಂದದ್ದು ಸರಿಯಾಗಿ 90 ಗಂಟೆ. ಕೂಪರ್ಟಿನೊದಲ್ಲಿ ದುಡಿದವರೇ ಬೆನ್ನ ಮೇಲೆ ಹೊತ್ತ ಸಂಖ್ಯೆ ಇಲ್ಲಿ ದುಡಿಸುವವರ ಬಾಯಲ್ಲಿ ಉಪದೇಶವಾಗಿದೆ. ಹೆಚ್ಚು ಹೊತ್ತು ದುಡಿಯಿರಿ ಎನ್ನುವವರಿಗೆ ಹರ್ಟ್ಸ್‌ಫೆಲ್ಡ್ ಅವರಂಥ ನೆನಪುಗಳು ಒಳ್ಳೆಯ ಸಾಕ್ಷಿಯಾಗಿ ಒದಗುತ್ತವೆ: ನೋಡಿ, ಅವರು ಹೀಗೆ ದುಡಿದರು, ಇಷ್ಟಪಟ್ಟು ದುಡಿದರು. ಸಹಿಯಾಗಲಿ, ತಾನೇ ಆರಿಸಿಕೊಂಡ ಕೆಲಸವಾಗಲಿ, -2000 ಎಂದು ಬರೆಯುವ ಧೈರ್ಯಕ್ಕೆ ಬೇಕಾದ ಸಲಿಗೆಯಾಗಲಿ ಇಲ್ಲದ ಕಡೆ ಆ ಸಂಖ್ಯೆ ಮಾತ್ರ ಬಂದಿಳಿದರೆ ಏನಾಗುತ್ತದೆ ಎಂಬುದನ್ನು ಆ ಸಾಕ್ಷಿ ಹೇಳುವುದಿಲ್ಲ.

ದುಡಿಮೆಯನ್ನು ಪೂಜ್ಯವೆಂದು ಕಂಡ ಪರಂಪರೆ ನಮ್ಮದೂ ಹೌದು. ಆದರೆ ಆ ಪರಂಪರೆಯಲ್ಲೇ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಅಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳುಹಿಸಿದವಳು. ಕಾಯಕವನ್ನು ಆಕೆ ಕೀಳು ಮಾಡಲಿಲ್ಲ. ಅದಕ್ಕೊಂದು ಸಾಕು ಇದೆ ಎಂದು ತೋರಿಸಿದಳು. ಹರ್ಟ್ಸ್‌ಫೆಲ್ಡ್ ಅವರ ಲೋಕದಲ್ಲಿ ಬೇಡವಾದ ಕೋಡನ್ನು ಸುರಿದು ಬರುವ ವಿವೇಕ ಹೇರಳವಾಗಿದೆ. ಬೇಡವಾದ ಗಂಟೆಗಳನ್ನು ಸುರಿದು ಬಾ ಎನ್ನುವ ದನಿ ಇಲ್ಲ. ಆ ದನಿ ಇದ್ದಿರಬಹುದಾದ ಮನೆಗಳು ಪುಸ್ತಕದೊಳಗೆ ಬರುವುದು ತೀರ ಕಡಿಮೆ.

ಉಪ್ಪಿನ ಋಣ, ಅನ್ನದ ಋಣ ಎನ್ನುತ್ತೇವೆ. ಈ ಮಾತುಗಳಲ್ಲಿ ಸಾಲಗಾರ ಯಾವಾಗಲೂ ಉಂಡವನು, ದುಡಿಯುವವನು. ದುಡಿಸಿಕೊಂಡವನ ಮೇಲಿರುವ ಋಣಕ್ಕೆ ಅಷ್ಟು ಬಳಕೆಯ ಮಾತು ನಮ್ಮಲ್ಲಿಲ್ಲ. ಕೆಲಸದ ನೆನಪುಗಳನ್ನು ಬರೆಯುವವರು ಈ ಎರಡನೆಯ ಋಣಕ್ಕೂ ಮಾತು ಹುಡುಕಬೇಕು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಕೋಡ್ ಬರೆದು ಈಗ ನಿವೃತ್ತಿಗೆ ಹತ್ತಿರವಾಗುತ್ತಿರುವ ತಲೆಮಾರೊಂದಿದೆ. ಅವರು ಕನ್ನಡದಲ್ಲಿ ತಮ್ಮ ನೆನಪುಗಳನ್ನು ಬರೆಯಲು ಕೂತರೆ ಹರ್ಟ್ಸ್‌ಫೆಲ್ಡ್ ಅವರಿಂದ ಕಲಿಯುವುದು ಬಹಳವಿದೆ: ಸಹೋದ್ಯೋಗಿಯನ್ನು ಮೆಚ್ಚುವ ಧಾರಾಳತನ, ತಾಂತ್ರಿಕ ವಿವರವನ್ನು ಕಥೆಯಾಗಿಸುವ ತಾಳ್ಮೆ. ಅವರು ಬಿಟ್ಟದ್ದನ್ನು ಸೇರಿಸುವ ಕೆಲಸವೂ ಇದೆ: ಪ್ರಸಂಗ ಮುಗಿದ ಮೇಲಿನ ಮಾರನೆಯ ದಿನ.

ಅದಕ್ಕೆ ಸುಳಿವು ಈ ಪುಸ್ತಕದಲ್ಲೇ ಇದೆ. 1985ರ ಫೆಬ್ರವರಿಯಲ್ಲಿ ಬರೆಲ್ ಸ್ಮಿತ್ ಆಪಲ್ ಬಿಟ್ಟರು. ಬಿಟ್ಟ ಮೇಲೂ ಅವರು ಆ ಬೂದು ಹೂಡಿಯನ್ನು ಎಸೆಯಲಿಲ್ಲ. 90 ಎಂಬುದರಲ್ಲಿ ಒಂಬತ್ತರ ಮೇಲೆ ಅಡ್ಡಗೆರೆ ಹಾಕಿ, ಉಳಿದದ್ದನ್ನು ಹಾಗೆಯೇ ಬಿಟ್ಟು ತೊಟ್ಟುಕೊಂಡರು. ವಾರಕ್ಕೆ ಸೊನ್ನೆ ಗಂಟೆ, ಇಷ್ಟಪಟ್ಟು. ಅಟ್ಕಿನ್ಸನ್ ಕಂಪನಿಯ ನಮೂನೆಯನ್ನು ತಿದ್ದಿದರು, ಸ್ಮಿತ್ ತಮ್ಮ ಬೆನ್ನ ಮೇಲಿನ ಲೆಕ್ಕವನ್ನೇ ತಿದ್ದಿಕೊಂಡರು. ಮೊದಲನೆಯದು ಎಲ್ಲರ ಬಾಯಲ್ಲೂ ಇದೆ. ಎರಡನೆಯದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿಕೊಳ್ಳುವ ಕಾಲ ಇದು.